ರಜತಪಟದ ಮೇಲೆ ಗಾನಸರಸ್ವತಿ

ಭಾರತದಲ್ಲಿ ವಾಕ್ಚಿತ್ರಗಳ ಯುಗ ಆರಂಭವಾದುದು 1931ರಲ್ಲಿ. ಒಬ್ಬರ ಹಾಡಿಗೆ ಇನ್ನೊಬ್ಬರು ತುಟಿಯಾಡಿಸುವ ಹಿನ್ನೆಲೆ ಗಾಯನದ ಪದ್ಧತಿ ಆಗಿನ್ನೂ ರೂಢಿಗೆ ಬಂದಿರಲಿಲ್ಲ. ಚಿತ್ರ ಮತ್ತು ಧ್ವನಿ ಏಕಕಾಲದಲ್ಲಿ ಮುದ್ರಿತವಾಗುತ್ತಿದ್ದುದರಿಂದ ಪಾತ್ರಧಾರಿಯೇ ಹಾಡಬೇಕಾಗಿತ್ತು. ವಾದ್ಯಗಾರರು ಕ್ಯಾಮರಾದ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕುಳಿತು ನುಡಿಸುತ್ತಿದ್ದರು. ನಿರ್ಮಾಪಕರು ನಟರಿಗಿಂತ ಮೊದಲು ಗಾಯಕರನ್ನು ಅರಸಿದುದು ಈ ಕಾರಣದಿಂದಲೇ. 'ಧರ್ಮಾತ್ಮಾ' (1935) ಚಿತ್ರದಲ್ಲಿ ಬಾಲಗಂಧರ್ವರೂ 'ತುಕಾರಾಂ' (1938) ಚಿತ್ರದಲ್ಲಿ ಮುಸಿರಿ ಸುಬ್ರಹ್ಮಣ್ಯ ಅಯ್ಯರರೂ ಸಂತರಾಗಿ ಕಾಣಿಸಿಕೊಂಡರು.

ಈ ಪರಂಪರೆಗೆ ಕಳಶಪ್ರಾಯರಾದವರು ಎಂ. ಎಸ್. ಸುಬ್ಬುಲಕ್ಷ್ಮಿಯವರು. 1916ರಲ್ಲಿ ಮಧುರೆಯಲ್ಲಿ ಜನಿಸಿದ ಅವರು ನಟಿಸಿದ ಚಿತ್ರಗಳು ಕೆಲವೇ. ಕೆ. ಸುಬ್ರಹ್ಮಣ್ಯಂ ನಿರ್ದೇಶಿಸಿದ 'ಸೇವಾಸದನಂ' (1938) ಪ್ರೇಮಚಂದರ ಕಾದಂಬರಿಯನ್ನು ಆಧರಿಸಿತ್ತು. 'ಶಕುಂತಲೈ' (1940) ಚಿತ್ರದಲ್ಲಿ ದುಷ್ಯಂತನಾಗಿ ಜಿ. ಎನ್. ಬಾಲಸುಬ್ರಹ್ಮಣ್ಯಂ ಇದ್ದುದರಿಂದ ಇಬ್ಬರು ಮಹಾಗಾಯಕರ ಸಂಗಮವೇ ಅಲ್ಲಿ ಏರ್ಪಟ್ಟಿತು. 'ಸಾವಿತ್ರಿ' (1941) ಚಿತ್ರದಲ್ಲಿ ಅವರದು ನಾರದನ ಪುರುಷಪಾತ್ರ. ಅದರ ನಿರ್ದೇಶಕ ವೈ. ವಿ. ರಾವ್ ಅವರೇ 1934ರಲ್ಲಿ ಕನ್ನಡದ 'ಸತಿ ಸುಲೋಚನ'ವನ್ನು ನಿರ್ದೇಶಿಸಿದ್ದವರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಆ ಪಾತ್ರದ ಸಂಭಾವನೆಯು ಅದೇ ವರ್ಷ ಜನ್ಮತಾಳಿದ 'ಕಲ್ಕಿ' ಪತ್ರಿಕೆಗೆ ಮೂಲಧನವಾಯಿತು.

1945ರಲ್ಲಿ ತಮಿಳಿನಲ್ಲಿ 'ಮೀರಾ' ತೆರೆಕಂಡಿತು. ನಿರ್ದೇಶಕ ಅಮೆರಿಕದ ಎಲಿಸ್ ಡಂಗನ್. ನಾಯಕಿಯ ಮುಖದ ಮೇಲೆ ಬೆಳಕು ಹೇಗೆ ಬೀಳಬೇಕೆಂಬುದನ್ನು ಪರೀಕ್ಷಿಸಲು ಆತ ಅವರ ಎದೆಮಟ್ಟದ ಪ್ರತಿಮೆಯೊಂದನ್ನು ಮಾಡಿಸಿದರಂತೆ. 1947ರಲ್ಲಿ ಬಂದ ಹಿಂದೀ ಆವೃತ್ತಿಯ ಆರಂಭದಲ್ಲಿ ಸರೋಜಿನೀ ನಾಯ್ಡು ಅವರೇ ತೆರೆಯ ಮೇಲೆ ಬಂದು ಗಾಯಕಿಯನ್ನು ದೇಶಕ್ಕೆ ಪರಿಚಯಿಸಿದರು. ಆ ಬಳಿಕ ಸುಬ್ಬುಲಕ್ಷ್ಮಿಯವರು ನಟನೆಯನ್ನು ತೊರೆದು ಕಚೇರಿಯ ವೇದಿಕೆಗೇ ಮೀಸಲಾದರು.

ಚಲನಚಿತ್ರದಿಂದ ಸಂಗೀತಕ್ಕೆ ಲಾಭವಾಯಿತೇ, ನಷ್ಟವಾಯಿತೇ? ಕಚೇರಿಯಲ್ಲಿ ಗಂಟೆಗಟ್ಟಲೆ ಹರಿಯುವ ರಾಗಾಲಾಪನೆ, ನೆರವಲು, ಕಲ್ಪನಾಸ್ವರಗಳಿಗೆ ತೆರೆಯ ಮೇಲೆ ಎಡೆಯಿರಲಿಲ್ಲ. ಹಾಡು ಕೆಲವೇ ನಿಮಿಷಗಳಲ್ಲಿ ಮುಗಿಯಬೇಕಾಗಿತ್ತು. ವಿದ್ವಾಂಸನ ಮನೋಧರ್ಮ ಅಲ್ಲಿ ಕಟ್ಟುಗೊಳಗಾಯಿತು. ಇದು ಸಣ್ಣ ನಷ್ಟವಲ್ಲ. ಆದರೆ ಸಭೆಯ ಬಾಗಿಲನ್ನೇ ಕಾಣದ ಸಾಮಾನ್ಯನೂ ಅಲ್ಪ ಹಣ ತೆತ್ತು ಆ ಕಂಠವನ್ನು ಕೇಳುವಂತಾದುದು ಅಷ್ಟೇ ದೊಡ್ಡ ಲಾಭ. 1966ರಲ್ಲಿ ವಿಶ್ವಸಂಸ್ಥೆಯಲ್ಲಿ ಹಾಡಿ, 1998ರಲ್ಲಿ ಭಾರತರತ್ನ ಪಡೆದು, 2004ರಲ್ಲಿ ಕಣ್ಮರೆಯಾದ ಆ ಮಹಾಗಾಯಕಿಯ ತಾರುಣ್ಯದ ಸ್ವರ 'ಮೀರಾ'ದಲ್ಲಿ ಇಂದಿಗೂ ಕೇಳಿಸುತ್ತದೆ. ವಿದ್ಯೆಯು ಬಲ್ಲವರ ಬಳಗವನ್ನು ದಾಟಿ ಎಲ್ಲರನ್ನೂ ಮುಟ್ಟಿದಾಗಲೇ ಸಾರ್ಥಕವೆಂಬುದಕ್ಕೆ ಈ ಚಿತ್ರಗಳು ನಿದರ್ಶನವಾಗಿವೆ.