ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆ

ರಾತ್ರಿ ಹನ್ನೊಂದೂವರೆ. ದೀಪ ಆರಿಸಿ ಆಯ್ತು, ನಿದ್ದೆ ಮಾತ್ರ ಇಲ್ಲ. ಬೆಳಿಗ್ಗೆ ಆಫೀಸಲ್ಲಿ ನುಂಗಿಕೊಂಡ ಮಾತು ಇನ್ನೂ ಗಂಟಲಲ್ಲೇ ಇದೆ. ಎದ್ದು ಬನ್ನಿ. ಹಾಲಿನ ಲೆಕ್ಕ ಬರೆಯೋ ಪುಸ್ತಕ ಇದೆಯಲ್ಲ, ಆ ಮಾತು ಬರೆಯೋಕೆ ಅದರ ಕೊನೇ ಹಾಳೆ ಸಾಕು.

1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ಹುಡುಗ ಹುಡುಗಿಯರು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೀಬೇಕು. ಕೆಲವರಿಗೆ ಸಾದಾ ವಿಷಯ, ಉಳಿದವರಿಗೆ ಬದುಕಿನ ದೊಡ್ಡ ನೋವು. ನೋವು ಬರೆದವರು ತಕ್ಷಣ ಹಗುರಾದರಾ? ಇಲ್ಲ, ಇನ್ನಷ್ಟು ಕುಗ್ಗಿದರು! ಆದರೆ ನಡೆದದ್ದರ ಜತೆಗೆ ಅನಿಸಿದ್ದನ್ನೂ ಬರೆದವರು, ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿದ್ದು ಕಡಿಮೆ.

ಹಾಗಾಗಿ ‘ಬೇಜಾರಾಯ್ತು’ ಅಂತ ಬರೆದು ನಿಲ್ಲಿಸಬೇಡಿ. ಆಫೀಸಲ್ಲಿ ಎಲ್ಲರೂ ನಕ್ಕಾಗ ನಿಮ್ಮ ಕೈಲಿದ್ದ ಟೀ ಲೋಟ ತಣ್ಣಗಾಗಿತ್ತಾ? ಅದನ್ನು ಬರೀರಿ. ಕಾಗುಣಿತ ತಪ್ಪಲಿ ಬಿಡಿ, ಕೆಂಪು ಪೆನ್ನು ಹಿಡಿದ ಮೇಷ್ಟ್ರು ಇಲ್ಲಿಲ್ಲ.

ಬರೆದದ್ದನ್ನು ಯಾರಿಗೂ ತೋರಿಸಲೇಬೇಕು ಅಂತೇನಿಲ್ಲ. ನಾನು ಒಮ್ಮೆ ಅಂಥ ಪುಟದ ಫೋಟೋ ತೆಗೆದು ಅಕ್ಕನಿಗೆ ಕಳಿಸಿದ್ದೆ. ‘ನನಗೂ ಹೀಗೇ ಆಗಿತ್ತು ಕಣೋ’ ಅಂದಳು. ಆಮೇಲೆ ಒಂದು ಗಂಟೆ ಫೋನು.

ಗಾಯ ತೀರಾ ಹಸಿಯಾಗಿದ್ದರೆ ಬರೆಯೋ ಆತುರ ಬೇಡ. ಮಾನಸಿಕ ಆರೋಗ್ಯಕ್ಕೆಂದೇ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.