ಬಾಲಿಕೆಯರೂ ಗಣಕಯಂತ್ರವೂ

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಾವು ವರ್ಷವರ್ಷವೂ ಕಾಣುವ ನೋಟವೊಂದುಂಟು. ವಿದ್ಯಾರ್ಥಿನಿಯೊಬ್ಬಳು ಸರಳ ಲೋಲಕವನ್ನು ತೂಗಬಿಟ್ಟು, ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಅಳೆದು, ಗುರುತ್ವದ ವೇಗೋತ್ಕರ್ಷವನ್ನು ಲೆಕ್ಕ ಹಾಕುತ್ತಾಳೆ. ಬರಬೇಕಾದ ಬೆಲೆ 9.8, ಬಂದುದು 10.9. ಆಕೆ ಅತ್ತಿತ್ತ ನೋಡಿ, ರಬ್ಬರನ್ನು ಕೈಗೆತ್ತಿಕೊಂಡು, ಅಳತೆಗಳನ್ನೆಲ್ಲ ಅಳಿಸಿ, 9.8 ಬರುವಂತೆ ಹೊಸ ಅಂಕಿಗಳನ್ನು ಬರೆದುಬಿಡುತ್ತಾಳೆ. ಪುಸ್ತಕ ಅಚ್ಚುಕಟ್ಟಾಗುತ್ತದೆ, ಅಂಕಗಳೂ ದೊರೆಯಬಹುದು. ಆದರೆ ಅಳಿಸಿಹೋದ ಆ 10.9 ಒಂದು ಸಂಗತಿಯನ್ನು ಹೇಳಲು ಬಂದಿತ್ತು. ಲೋಲಕವನ್ನು ಬಿಟ್ಟ ಕ್ಷಣದಲ್ಲಿ ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದು ಎಣಿಕೆಯನ್ನು ಆರಂಭಿಸಿದರೆ, ‘ಇಪ್ಪತ್ತು’ ಎನ್ನುವಾಗ ಆಗಿರುವುದು ಹತ್ತೊಂಬತ್ತೇ ಆಂದೋಲನ. ಇಪ್ಪತ್ತನ್ನು ಹತ್ತೊಂಬತ್ತರಿಂದ ಭಾಗಿಸಿ, ಬಂದುದನ್ನು ವರ್ಗ ಮಾಡಿ, 9.8ರಿಂದ ಗುಣಿಸಿದರೆ ಸುಮಾರು 10.9 ಬರುವುದನ್ನು ವಾಚಕರೇ ಪರೀಕ್ಷಿಸಿ ನೋಡಬಹುದು. ತಪ್ಪು ಎಲ್ಲಿದೆಯೆಂದು ತಪ್ಪು ಉತ್ತರವೇ ಬೆರಳು ಮಾಡಿ ತೋರಿಸುತ್ತಿದ್ದಿತು. ಅದನ್ನು ಕೇಳಿಸಿಕೊಳ್ಳುವ ಮೊದಲೇ ನಾವು ಅದರ ಬಾಯಿ ಮುಚ್ಚಿಸಿದೆವು.

ಹುಡುಗರು ಹೀಗೆ ಮಾಡುವುದಿಲ್ಲವೆಂದಲ್ಲ. ಆದರೆ ‘ತಪ್ಪಾಗಬಾರದು’ ಎಂಬ ಭಯ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಬೇರೂರಿರುವುದನ್ನು ಅನೇಕ ಉಪಾಧ್ಯಾಯರು ಗಮನಿಸಿದ್ದಾರೆ. ಈ ಭಯವನ್ನು ಹೋಗಲಾಡಿಸುವುದಕ್ಕೆ ಗಣಕಯಂತ್ರವನ್ನೇ ಸಾಧನವಾಗಿ ಮಾಡಿಕೊಂಡ ಒಂದು ಉದ್ಯಮ ಅಮೆರಿಕದಲ್ಲಿ ನಡೆದುಬಂದಿದೆ. ಅದರ ವಿಚಾರವನ್ನು ಈ ಲೇಖನದಲ್ಲಿ ತಿಳಿಯೋಣ.

ಇಪ್ಪತ್ತು ಬಾಲಿಕೆಯರ ಬೇಸಗೆ ತರಗತಿ

1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನನು ಆ ದೇಶದಲ್ಲಿ ನೆಲಸಿದ್ದ ಭಾರತೀಯ ಮೂಲದವರನ್ನು ಹೊರದೂಡಿದನಷ್ಟೆ. ಹಾಗೆ ಅಮೆರಿಕ ಸೇರಿದ ದಂಪತಿಗಳ ಮಗಳು ರೇಷ್ಮಾ ಸೌಜಾನಿ. ವೃತ್ತಿಯಲ್ಲಿ ವಕೀಲೆಯಾದ ಈಕೆ 2010ರಲ್ಲಿ ನ್ಯೂಯಾರ್ಕಿನಿಂದ ಅಮೆರಿಕದ ಕಾಂಗ್ರೆಸ್ಸಿಗೆ ಸ್ಪರ್ಧಿಸಲೆಳಸಿ, ಪಕ್ಷದೊಳಗಿನ ಚುನಾವಣೆಯಲ್ಲೇ ಸೋತರು. ಆದರೆ ಪ್ರಚಾರಕ್ಕಾಗಿ ಶಾಲೆಗಳನ್ನು ಸುತ್ತುತ್ತಿದ್ದಾಗ ಒಂದು ಸಂಗತಿ ಅವರ ಕಣ್ಣಿಗೆ ಬಿದ್ದಿತ್ತು: ಗಣಕಯಂತ್ರದ ಕೊಠಡಿಗಳಲ್ಲಿ ಕುಳಿತಿದ್ದವರು ಬಹುಮಟ್ಟಿಗೆ ಹುಡುಗರೇ. ಸ್ವತಃ ಕೋಡಿಂಗ್ ಬಾರದ ಈಕೆ 2012ರಲ್ಲಿ ‘ಗರ್ಲ್ಸ್ ಹೂ ಕೋಡ್’, ಎಂದರೆ ‘ಕೋಡ್ ಬರೆಯುವ ಹುಡುಗಿಯರು’, ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮೊದಲ ಬೇಸಗೆ ತರಗತಿಯಲ್ಲಿ ಇದ್ದವರು 20 ಮಂದಿ ಬಾಲಿಕೆಯರು. 2020ರ ವೇಳೆಗೆ ಅದರಿಂದ ಕಲಿತವರ ಸಂಖ್ಯೆ ಮೂರು ಲಕ್ಷವನ್ನು ಮುಟ್ಟಿದ್ದಿತು.

ಈ ಬೆಳವಣಿಗೆಗೆ ಮುಖ್ಯ ಕಾರಣ ಬೇಸಗೆಯ ತರಗತಿಗಳಿಗಿಂತ, ಶಾಲೆ ಬಿಟ್ಟ ಮೇಲೆ ಸೇರುವ ಕೂಟಗಳು. ಇವು ನಡೆಯುವುದು ಊರಿನ ಶಾಲೆ, ಪುಸ್ತಕಾಲಯ, ಸಮುದಾಯ ಭವನಗಳಲ್ಲಿ. ನಡೆಸುವವರು ಅಲ್ಲಿಯ ಉಪಾಧ್ಯಾಯರು, ಪುಸ್ತಕಾಲಯದವರು, ಸ್ವಯಂಸೇವಕರು. ಪಾಠಕ್ರಮವನ್ನು ಸಂಸ್ಥೆ ಒದಗಿಸುತ್ತದೆ; ನಡೆಸುವವರಿಗೆ ಮೊದಲೇ ಕೋಡಿಂಗ್ ಬರಬೇಕೆಂಬ ನಿಯಮವಿಲ್ಲ; ಮಕ್ಕಳೊಡನೆ ತಾವೂ ಕಲಿಯಬಹುದು. ಕಲಿಯುವವರಿಗೆ ಶುಲ್ಕವಿಲ್ಲ.

2016ರ ಒಂದು ಉಪನ್ಯಾಸದಲ್ಲಿ ಸೌಜಾನಿಯವರು ಹೇಳಿದ ಸಂಗತಿ ನಮಗೆ ನಮ್ಮ ಪ್ರಯೋಗಶಾಲೆಯನ್ನು ನೆನಪಿಗೆ ತಂದಿತು. ಮೊದಮೊದಲ ಪಾಠಗಳಲ್ಲಿ ಹುಡುಗಿಯೊಬ್ಬಳು ಶಿಕ್ಷಕರನ್ನು ಕರೆದು, ಏನು ಬರೆಯಬೇಕೆಂದೇ ತನಗೆ ತಿಳಿಯದೆಂದು ಹೇಳುತ್ತಾಳೆ. ತೆರೆಯ ಮೇಲೆ ಒಂದಕ್ಷರವೂ ಇಲ್ಲ. ಆದರೆ ಅಳಿಸಿದ್ದನ್ನು ಮರಳಿಸುವ ಕೀಲಿಯನ್ನು ಒತ್ತಿದರೆ, ಆಕೆ ಬರೆದು ಅಳಿಸಿದ ಸಾಲುಗಳು ಒಂದೊಂದಾಗಿ ಮೇಲೇಳುತ್ತವೆ! ಗುರಿಯ ಸಮೀಪಕ್ಕೆ ಬಂದಿದ್ದಳು; ಪೂರ್ತಿ ಸರಿಯಾಗಲಿಲ್ಲವೆಂದು ಎಲ್ಲವನ್ನೂ ಅಳಿಸಿದ್ದಳು. ತಪ್ಪನ್ನು ತೋರಿಸುವುದಕ್ಕಿಂತ ಏನನ್ನೂ ತೋರಿಸದಿರುವುದೇ ಆಕೆಗೆ ಲೇಸೆನಿಸಿತ್ತು.

ಆಮೆಯ ಪಾಠ

ಹಾಗಾದರೆ ಕೋಡಿಂಗ್ ಎಂದರೇನು? ಯಂತ್ರವು ಹೇಳಿದಷ್ಟನ್ನು ಮಾತ್ರ ಮಾಡುವ ಸೇವಕ. ಊಹಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಮಾಡಬೇಕಾದ ಕೆಲಸವನ್ನು ಚಿಕ್ಕಚಿಕ್ಕ ಆಜ್ಞೆಗಳಾಗಿ ಒಡೆದು, ಅದಕ್ಕೆ ತಿಳಿಯುವ ಭಾಷೆಯಲ್ಲಿ ಕ್ರಮವಾಗಿ ಬರೆಯುವುದೇ ಕೋಡಿಂಗ್. ಬರೆದ ಆಜ್ಞೆಗಳ ಸರಣಿಗೆ ಪ್ರೋಗ್ರಾಂ ಎಂದು ಹೆಸರು. ಅದರಲ್ಲಿ ಉಳಿದ ತಪ್ಪಿಗೆ ‘ಬಗ್’ ಎನ್ನುತ್ತಾರೆ.

1967ರಲ್ಲಿ ಸೆಮೂರ್ ಪೇಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫರ್ಜೈಗ್ ಎಂಬವರು ಮಕ್ಕಳಿಗಾಗಿ ‘ಲೋಗೋ’ ಎಂಬ ಭಾಷೆಯನ್ನು ನಿರ್ಮಿಸಿದರು. ಅನಂತರ ಅದಕ್ಕೆ ಒಂದು ಆಮೆ ಸೇರಿಕೊಂಡಿತು. ಆಮೆ ನಡೆದ ಹಾದಿಯೆಲ್ಲ ಗೆರೆಯಾಗುತ್ತದೆ. ಇಂದು ಪೈಥಾನ್ ಭಾಷೆಯಲ್ಲಿಯೂ ಈ ಆಮೆ ಹಣವಿಲ್ಲದೆ ದೊರೆಯುತ್ತದೆ. ‘100 ಹೆಜ್ಜೆ ಮುಂದೆ ನಡೆ, 90 ಡಿಗ್ರಿ ತಿರುಗು, ಇದನ್ನು ನಾಲ್ಕು ಸಲ ಮಾಡು’ ಎಂದು ಬರೆದರೆ ತೆರೆಯ ಮೇಲೆ ಚೌಕ ಮೂಡುತ್ತದೆ.

ಈಗ ಸಮಬಾಹು ತ್ರಿಭುಜವನ್ನು ಬರೆಯಿಸೋಣ. ಅದರ ಪ್ರತಿಯೊಂದು ಕೋನವೂ 60 ಡಿಗ್ರಿ ಎಂದು ಜ್ಯಾಮಿತಿಯಲ್ಲಿ ಓದಿದ್ದೇವೆ. ಆದುದರಿಂದ ‘100 ಹೆಜ್ಜೆ ನಡೆ, 60 ಡಿಗ್ರಿ ತಿರುಗು, ಮೂರು ಸಲ’ ಎಂದು ಬರೆಯುತ್ತೇವೆ. ಬರುವುದು ತ್ರಿಭುಜವಲ್ಲ! ಬಾಯಿ ತೆರೆದ ಬಟ್ಟಲಿನಂತಹ ಒಂದು ಆಕೃತಿ. ಅಳಿಸುವ ಹುಡುಗಿ ಇಲ್ಲಿ ಅಳಿಸಿಬಿಡುತ್ತಾಳೆ. ಅಳಿಸದೆ ನೋಡುವವಳಿಗೆ ಒಂದು ಕುತೂಹಲ ಹುಟ್ಟುತ್ತದೆ: ಆಮೆಯನ್ನು ಇನ್ನೂ ನಡೆಯಲು ಬಿಟ್ಟರೆ? ‘ಮೂರು ಸಲ’ ಎಂಬುದನ್ನು ‘ಆರು ಸಲ’ ಎಂದು ತಿದ್ದಿದರೆ ಗೆರೆ ಮೊದಲಿನ ಬಿಂದುವಿಗೆ ಬಂದು ಸೇರಿ ಸುಂದರವಾದ ಷಟ್ಕೋನವಾಗುತ್ತದೆ. ಬಟ್ಟಲು ಅದರ ಅರ್ಧವಾಗಿದ್ದಿತು.

ಕಾರಣವೇನು? ತ್ರಿಭುಜದ ಒಳಗಿನ ಕೋನ 60 ಡಿಗ್ರಿಯಾದರೂ, ಗೆರೆಯ ಮೇಲೆ ನಡೆಯುವ ಆಮೆ ತಿರುಗಬೇಕಾದುದು ಹೊರಕೋನದಷ್ಟು, ಎಂದರೆ 180ರಲ್ಲಿ 60 ಕಳೆದು 120 ಡಿಗ್ರಿ. ಹೊರಟ ಜಾಗಕ್ಕೆ ಹೊರಟ ದಿಕ್ಕಿನಲ್ಲೇ ಮರಳಿ ನಿಲ್ಲಬೇಕಾದರೆ ಒಟ್ಟು 360 ಡಿಗ್ರಿ ತಿರುಗಲೇಬೇಕು. ಮೂರು ಸಲ 120. ನಾಲ್ಕು ಸಲ 90. ಐದು ಸಲ 72. ಆರು ಸಲ 60. ಬಹುಭುಜಗಳ ಹೊರಕೋನಗಳ ಮೊತ್ತ 360 ಡಿಗ್ರಿ ಎಂಬ ಪ್ರಮೇಯವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರಿಗಿಂತ, ಒಂದು ತಪ್ಪಿನ ಬೆನ್ನುಹತ್ತಿ ಅದನ್ನು ಮುಟ್ಟಿದ ಬಾಲಿಕೆ ಹೆಚ್ಚು ಚೆನ್ನಾಗಿ ಅರಿಯುತ್ತಾಳೆ. ಯಂತ್ರ ಆಕೆಯನ್ನು ಗದರಿಸಲಿಲ್ಲ, ಯಾರ ಮುಂದೆಯೂ ಹಾಸ್ಯ ಮಾಡಲಿಲ್ಲ. ಹೇಳಿದುದನ್ನು ಮಾಡಿ ತೋರಿಸಿತು, ಅಷ್ಟೆ.

ಕೈತಪ್ಪಿದ ವಿದ್ಯೆ

ಈ ವಿದ್ಯೆ ಸ್ತ್ರೀಯರಿಗೆ ಹೊಸದೆಂದು ಯಾರಾದರೂ ಎಣಿಸಿದರೆ ಅದು ಚರಿತ್ರೆಗೆ ವಿರುದ್ಧ. 1946ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ‘ಎನಿಯಾಕ್’ ಎಂಬ ವಿದ್ಯುನ್ಮಾನ ಗಣಕಯಂತ್ರ ಬೆಳಕಿಗೆ ಬಂದಿತು. ಸುಮಾರು 18,000 ನಿರ್ವಾತ ನಳಿಕೆಗಳಿದ್ದ, 30 ಟನ್ನುಗಳಷ್ಟು ತೂಕದ ಆ ದೈತ್ಯನಿಗೆ ಫಿರಂಗಿ ಗುಂಡಿನ ಪಥವನ್ನು ಗಣಿಸುವುದನ್ನು ಕಲಿಸಿದವರು ಆರು ಮಂದಿ ಯುವತಿಯರು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರೂತ್ ಲಿಕ್ಟರ್‌ಮನ್. ಅವರಿಗೆ ಪ್ರೋಗ್ರಾಂ ಬರೆಯಲು ಭಾಷೆಯೇ ಇರಲಿಲ್ಲ. ತಂತಿಗಳನ್ನು ಸಿಕ್ಕಿಸಿ, ಸ್ವಿಚ್ಚುಗಳನ್ನು ತಿರುಗಿಸಿ ಆಜ್ಞೆ ಕೊಡಬೇಕಾಗಿದ್ದಿತು. ಯಂತ್ರದ ಕೀರ್ತಿ ದೇಶವೆಲ್ಲ ಹರಡಿದರೂ ಅವರ ಹೆಸರು ದಶಕಗಳ ಕಾಲ ಮರೆಯಲ್ಲೇ ಉಳಿಯಿತು. 1952ರಲ್ಲಿ ಗ್ರೇಸ್ ಹಾಪರ್ ತಮ್ಮ ಮೊದಲ ಕಂಪೈಲರನ್ನು ರಚಿಸಿ, ಯಂತ್ರದ ಭಾಷೆಗೂ ಮನುಷ್ಯನ ಭಾಷೆಗೂ ನಡುವೆ ಸೇತುವೆ ಕಟ್ಟುವ ಕಾರ್ಯಕ್ಕೆ ತೊಡಗಿದರು.

ಅಮೆರಿಕದಲ್ಲಿ 1984ರ ಸುಮಾರಿಗೆ ಗಣಕವಿಜ್ಞಾನದ ಪದವೀಧರರಲ್ಲಿ ಶೇಕಡ 37ರಷ್ಟು ಸ್ತ್ರೀಯರಿದ್ದರು. 2010ರ ವೇಳೆಗೆ ಆ ಪ್ರಮಾಣ ಶೇಕಡ 18ರ ಆಸುಪಾಸಿಗೆ ಇಳಿದುಹೋಗಿದ್ದಿತು. ವೈದ್ಯ, ನ್ಯಾಯ ಮುಂತಾದ ವೃತ್ತಿಗಳಲ್ಲಿ ಸ್ತ್ರೀಯರು ಏರುತ್ತಿದ್ದ ಕಾಲದಲ್ಲೇ ಇಲ್ಲಿ ಈ ಇಳಿತವಾಯಿತೇಕೆ? ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಜೇನ್ ಮಾರ್ಗೊಲಿಸ್, ಆಲನ್ ಫಿಷರ್ ಎಂಬಿಬ್ಬರು ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಸಂದರ್ಶಿಸಿ ಉತ್ತರದ ಒಂದು ಭಾಗವನ್ನು ಕಂಡುಹಿಡಿದರು. 1980ರ ದಶಕದಲ್ಲಿ ಗಣಕಯಂತ್ರ ಮನೆಗಳನ್ನು ಹೊಕ್ಕಿತು. ಆದರೆ ಗಂಡುಮಕ್ಕಳ ಆಟಿಕೆಯಾಗಿ ಹೊಕ್ಕಿತು. ಎಷ್ಟೋ ಮನೆಗಳಲ್ಲಿ ಅದನ್ನು ಇರಿಸಿದ್ದು ಮಗನ ಕೋಣೆಯಲ್ಲಿ. ವರ್ಷಗಟ್ಟಲೆ ಅದರೊಡನೆ ಆಡಿದ ಹುಡುಗರ ಪಕ್ಕದಲ್ಲಿ ಮೊದಲ ಸಲ ಅದನ್ನು ಮುಟ್ಟಿದ ಹುಡುಗಿ ಕಾಲೇಜಿನಲ್ಲಿ ಕುಳಿತಾಗ, ತನಗಿಲ್ಲದುದು ಅಭ್ಯಾಸವೆಂದು ತಿಳಿಯದೆ ಬುದ್ಧಿಯೇ ಇಲ್ಲವೆಂದು ತಿಳಿದಳು.

ರೋಗ ತಿಳಿದ ಮೇಲೆ ಚಿಕಿತ್ಸೆಯೂ ದೊರೆಯಿತು. ಆ ವಿಶ್ವವಿದ್ಯಾನಿಲಯವು ಪ್ರವೇಶದಲ್ಲಿ ಹಿಂದಿನ ಅನುಭವಕ್ಕೆ ಕೊಡುತ್ತಿದ್ದ ತೂಕವನ್ನು ಇಳಿಸಿತು. ಹೊಸಬರಿಗೂ ಅನುಭವಿಗಳಿಗೂ ಬೇರೆಬೇರೆ ಆರಂಭದ ತರಗತಿಗಳನ್ನು ಏರ್ಪಡಿಸಿತು. 1995ರಲ್ಲಿ ಗಣಕವಿಜ್ಞಾನಕ್ಕೆ ಸೇರಿದವರಲ್ಲಿ ಶೇಕಡ 7ರಷ್ಟಿದ್ದ ವಿದ್ಯಾರ್ಥಿನಿಯರು 2000ದಲ್ಲಿ ಶೇಕಡ 42ರಷ್ಟಾದರು. ಐದು ವರ್ಷಗಳಲ್ಲಿ ಹೆಣ್ಣುಮಕ್ಕಳ ಬುದ್ಧಿ ಬದಲಾಗಿರಲಾರದು, ಬದಲಾದುದು ಬಾಗಿಲು.

ಉಚಿತವೇಕೆ, ಪ್ರತ್ಯೇಕವೇಕೆ?

ಈಗ ಆ ಕೂಟಗಳ ಏರ್ಪಾಡಿನ ಅರ್ಥ ಸ್ಪಷ್ಟವಾಗುತ್ತದೆ. ಮಗನ ಕೋಣೆಯಲ್ಲಿ ದೊರೆತ ಅಭ್ಯಾಸವನ್ನು ಮಗಳಿಗೂ ಕಾಲೇಜಿಗೆ ಮೊದಲೇ ದೊರಕಿಸುವುದು ಅವುಗಳ ಕೆಲಸ. ಶುಲ್ಕವಿಟ್ಟರೆ, ಒಬ್ಬ ಮಗುವಿಗೆ ಮಾತ್ರ ಹಣ ತೆರಬಲ್ಲ ಮನೆಯಲ್ಲಿ ಯಾರ ಹೆಸರು ಹೊರಡುವುದೆಂದು ಹೇಳಬೇಕಾಗಿಲ್ಲ. ಊರಿನ ಪುಸ್ತಕಾಲಯದಲ್ಲೇ ನಡೆದರೆ ದೂರದ ಪ್ರಯಾಣದ ಆಕ್ಷೇಪವೂ ಇರದು. ಇನ್ನು, ಮೊದಲೇ ಪಳಗಿದವರು ಜೊತೆಯಲ್ಲಿದ್ದರೆ ಕೀಲಿಮಣೆ ಅವರ ಕೈಗೇ ಹೋಗುತ್ತದೆ. ಎಲ್ಲರೂ ಹೊಸಬರಾದಲ್ಲಿ ಎಲ್ಲರ ಪ್ರೋಗ್ರಾಮೂ ಕೆಡುತ್ತದೆ, ಎಲ್ಲರೂ ಕೂಡಿ ನಗುತ್ತಾರೆ, ಎಲ್ಲರೂ ಕೂಡಿ ತಿದ್ದುತ್ತಾರೆ.

ಇಷ್ಟರಿಂದಲೇ ಎಲ್ಲವೂ ಸರಿಯಾಯಿತೆಂದು ನಾವು ಹೇಳುವುದಿಲ್ಲ. 2020ರ ವೇಳೆಗೂ ಅಮೆರಿಕದ ಗಣಕವಿಜ್ಞಾನದ ಪದವೀಧರರಲ್ಲಿ ಸ್ತ್ರೀಯರು ಐದರಲ್ಲೊಂದು ಪಾಲಿನ ಆಸುಪಾಸಿನಲ್ಲೇ ಇದ್ದರು. ಕಲಿತವಳಿಗೆ ಕೆಲಸ ಕೊಡುವ, ಕೆಲಸದಲ್ಲಿ ಗೌರವದಿಂದ ಕಾಣುವ ಹೊಣೆಯನ್ನು ಸಂಜೆಯ ಕೂಟವೊಂದು ಹೊರಲಾರದು.

ನಮ್ಮ ನಾಡಿನ ಗಣಕವಿಜ್ಞಾನದ ತರಗತಿಗಳಲ್ಲಿ ಹೆಣ್ಣುಮಕ್ಕಳು ಅಪರೂಪವೇನಲ್ಲ. ಆದರೆ ರಬ್ಬರು ನಮ್ಮಲ್ಲಿಯೂ ಇದೆ, ಅಲ್ಲವೆ? ಬೆಳಗ್ಗೆ ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಎಳೆಯುವ ಬಾಲಿಕೆ ಎಳೆ ತಪ್ಪಿದರೆ ಬೆರಳಿನಿಂದ ಒರಸಿ ಮತ್ತೆ ಎಳೆಯುತ್ತಾಳೆ. ಅಂಗಳವನ್ನು ಬಿಟ್ಟು ಓಡುವುದಿಲ್ಲ. ಆ ಧೈರ್ಯವನ್ನು ಆಕೆ ಪ್ರಯೋಗಶಾಲೆಗೂ ತರಬೇಕು.

ಅದಕ್ಕಾಗಿ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಅಳತೆ ತಪ್ಪಿತೆಂದು ತೋರಿದರೆ ಅದರ ಮೇಲೆ ಒಂದೇ ಗೆರೆ ಎಳೆಯಿರಿ, ಕೆಳಗಿನ ಅಂಕಿ ಕಾಣುವಂತಿರಲಿ. ಪಕ್ಕದಲ್ಲಿ ಹೊಸ ಅಳತೆಯನ್ನೂ ಕಾರಣವನ್ನೂ ಬರೆಯಿರಿ. ಹಾಗೆ ಬರೆದ ಪುಸ್ತಕಕ್ಕೆ ಅಂಕ ಕಡಿಮೆ ಮಾಡದಿರುವುದು ಉಪಾಧ್ಯಾಯರಾದ ನಮ್ಮ ಪಾಲಿನ ಕರ್ತವ್ಯ. ಬಿಡುವಿದ್ದಾಗ ಆಮೆಗೆ ಐದು ಮೂಲೆಯ ನಕ್ಷತ್ರವೊಂದನ್ನು ಬರೆಯಲು ಹೇಳಿಕೊಡಿ. ಒಂದು ಸುಳಿವು: ಅದು ಮೊದಲಿನ ದಿಕ್ಕಿಗೆ ಮರಳುವ ಮುನ್ನ ಒಂದು ಸುತ್ತಲ್ಲ, ಎರಡು ಸುತ್ತು ತಿರುಗುತ್ತದೆ. ಮೊದಲ ಸಲ ನಕ್ಷತ್ರ ಬಾರದಿದ್ದರೆ, ಬಂದ ಆಕೃತಿಯನ್ನು ಅಳಿಸದೆ ಒಂದು ನಿಮಿಷ ನೋಡಿರಿ.