ಮೀನು ಸಾಕಣೆಯಲ್ಲಿ ನೀರಿನ ಸ್ಥಿತಿಗತಿಯ ಮಹತ್ವ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಕಾವೇರಿ ಮತ್ತು ಸುವರ್ಣಾವತಿ ನದಿಗಳು, ಗುಂಡಾಲ್ ಹಾಗೂ ಉಡುತೊರೆಹಳ್ಳ ಜಲಾಶಯಗಳು, ಕೆರೆಗಳು ಮತ್ತು ಕೃಷಿಹೊಂಡಗಳು ಮೀನಿನ ಮುಖ್ಯ ನೆಲೆಗಳಾಗಿವೆ. ಬಿತ್ತನೆ ಮತ್ತು ಆಹಾರ ಉತ್ತಮವಾಗಿದ್ದರೂ ನೀರಿನ ಸ್ಥಿತಿ ಕೆಟ್ಟಲ್ಲಿ ವರ್ಷದ ಫಸಲು ಒಂದೇ ರಾತ್ರಿಯಲ್ಲಿ ನಷ್ಟವಾಗಬಹುದು.

ನದಿಯಲ್ಲಿ

ಕಾವೇರಿಯ ಹರಿವನ್ನು ಸ್ಥಳೀಯ ಮಳೆಗಿಂತ ಕೊಡಗು ಮತ್ತು ವಯನಾಡಿನ ಮುಂಗಾರು ಮಳೆ ಹೆಚ್ಚಾಗಿ ನಿರ್ಧರಿಸುತ್ತದೆ. ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳಿಂದ ನೀರು ಬಿಟ್ಟಾಗ ಇಲ್ಲಿ ಮಳೆಯಿಲ್ಲದಿದ್ದರೂ ಹೊಳೆಯು ಕೆಂಪಾಗಿ ಏರುತ್ತದೆ. ಆಗ ಹರಿಗೋಲು ಇಳಿಸುವುದು ಅಪಾಯಕರ. ಮುಂಗಾರು ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲವೂ ಆಗಿರುವುದರಿಂದ ಸಣ್ಣ ಕಣ್ಣಿನ ಬಲೆಗಳನ್ನು ಬಳಸಬಾರದು.

ಕೆರೆ ಮತ್ತು ಹೊಂಡಗಳಲ್ಲಿ

ನಿಂತ ನೀರಿನಲ್ಲಿ ಕರಗಿದ ಆಮ್ಲಜನಕವೇ ಮೀನಿನ ಜೀವಾಳ. ಇದು ಲೀಟರಿಗೆ 5 ಮಿ.ಗ್ರಾಂ.ಗಿಂತ ಹೆಚ್ಚಿರುವುದು ಉತ್ತಮ, 3 ಮಿ.ಗ್ರಾಂ.ಗಿಂತ ಕಡಿಮೆಯಾದರೆ ಮೀನು ಬಳಲುತ್ತದೆ. ನೀರು ಬಿಸಿಯಾದಷ್ಟೂ ಆಮ್ಲಜನಕವನ್ನು ಹಿಡಿದಿಡುವ ಶಕ್ತಿ ಕುಗ್ಗುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 9 ಮಿ.ಗ್ರಾಂ., 30 ಡಿಗ್ರಿಯಲ್ಲಿ ಸುಮಾರು 7.5 ಮಿ.ಗ್ರಾಂ. ಮಾತ್ರ.

ನೀರಿನ ಹಸಿರು ಬಣ್ಣಕ್ಕೆ ಕಾರಣವಾದ ಸೂಕ್ಷ್ಮ ಪಾಚಿಗಳು ಹಗಲಿನಲ್ಲಿ ಆಮ್ಲಜನಕವನ್ನು ಉತ್ಪಾದಿಸುತ್ತವೆ. ರಾತ್ರಿ ಅವೂ ಅದನ್ನು ಬಳಸಿಕೊಳ್ಳುತ್ತವೆ. ಆದ್ದರಿಂದ ಸೂರ್ಯೋದಯಕ್ಕೆ ಮುನ್ನ ಆಮ್ಲಜನಕ ಅತ್ಯಂತ ಕಡಿಮೆಯಿರುತ್ತದೆ. ಹಿಂಗಾರಿನಲ್ಲಿ ವಾಯುಭಾರ ಕುಸಿತದಿಂದ ಸತತ ಮೋಡ ಕವಿದಾಗ ಹಗಲಿನ ಉತ್ಪಾದನೆಯೂ ಕುಂಠಿತಗೊಂಡು ಅಪಾಯ ಹೆಚ್ಚುತ್ತದೆ.

ಗುರುತಿಸುವ ವಿಧಾನ

• ಮುಂಜಾನೆ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿದ್ದರೆ ಅದು ಆಮ್ಲಜನಕದ ಕೊರತೆಯ ಲಕ್ಷಣ.
• ಮೊಣಕೈವರೆಗೆ ಕೈಯನ್ನು ನೀರಿನಲ್ಲಿ ನೇರವಾಗಿ ಇಳಿಸಿರಿ. ಮಣಿಕಟ್ಟು ಮುಳುಗುತ್ತಲೇ ಅಂಗೈ ಕಾಣದಾದರೆ ಹಸಿರು ಅತಿಯಾಗಿದೆ. ಮೊಣಕೈ ಮುಳುಗಿದರೂ ಸ್ಪಷ್ಟವಾಗಿ ಕಂಡರೆ ನೈಸರ್ಗಿಕ ಆಹಾರ ಕಡಿಮೆಯಿದೆ. ಮಳೆಯ ನಂತರದ ಮಣ್ಣುಗೆಂಪು ನೀರಿಗೆ ಈ ಪರೀಕ್ಷೆ ಅನ್ವಯಿಸದು.
• ರಸಸಾರ 6.5ರಿಂದ 8.5ರ ನಡುವೆ ಇರಬೇಕು.

ಕೈಗೊಳ್ಳಬೇಕಾದ ಕ್ರಮಗಳು

• ನೀರು ಅತಿ ಹಸಿರಾದಾಗ ಅಥವಾ ಮೋಡ ಕವಿದಾಗ ಸಗಣಿ ಗೊಬ್ಬರ ನಿಲ್ಲಿಸಿ, ಆಹಾರವನ್ನು ತಗ್ಗಿಸಿರಿ.
• ಮೀನು ಮೇಲೆ ಬಂದ ಕೂಡಲೇ ಪಂಪಿನ ನೀರನ್ನು ಎತ್ತರದಿಂದ ಚಿಮ್ಮಿಸಿ ಬೀಳಿಸಿರಿ. ಸಾಧ್ಯವಾದರೆ ಹೊಸ ನೀರು ಸೇರಿಸಿರಿ. ಏರೇಟರ್ ಇದ್ದಲ್ಲಿ ಮಧ್ಯರಾತ್ರಿಯಿಂದ ಸೂರ್ಯೋದಯದವರೆಗೆ ನಡೆಸಿರಿ.
• ಬೇಸಿಗೆಯಲ್ಲಿ ನೀರು ಇಳಿಯುವ ಮುನ್ನವೇ ದೊಡ್ಡ ಮೀನುಗಳನ್ನು ಹಿಡಿದು ಮಾರಿರಿ.
• ಬೆಳೆಗೆ ಸಿಂಪಡಿಸಿದ ಕೀಟನಾಶಕ ಹಾಗೂ ರೇಷ್ಮೆ ಹುಳು ಸಾಕಣೆ ಮನೆಯನ್ನು ಸೋಂಕುನಿವಾರಕದಿಂದ ತೊಳೆದ ನೀರು ಹೊಂಡ ಸೇರದಂತೆ ಬದು ನಿರ್ಮಿಸಿರಿ.

ವಿಸ್ತರಣಾ ಕಾರ್ಯಕರ್ತರು ನೀರಿನ ಪರೀಕ್ಷೆಯನ್ನು ಹಗಲಿನಲ್ಲಿ ಮಾತ್ರ ನಡೆಸದೆ ನಸುಕಿನಲ್ಲಿಯೂ ನಡೆಸುವುದು ಅಗತ್ಯ. ಮಧ್ಯಾಹ್ನದ ಅಳತೆಯಿಂದ ರಾತ್ರಿಯ ಕೊರತೆ ತಿಳಿಯದು. ಹೆಚ್ಚಿನ ಮಾಹಿತಿಗೆ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯನ್ನು ಸಂಪರ್ಕಿಸಬಹುದು.